ಗಂಟು ಕಟ್ಟಿದ ಹಾಲಿನ ಪುಡಿ: ಮಲೆನಾಡಿನ ಒಂದು ಶಾಲೆಯ ಪ್ರಕರಣ

ಇದು ಶಿವಮೊಗ್ಗ ಜಿಲ್ಲೆಯಲ್ಲಿ, ಘಟ್ಟದ ಅಂಚಿಗಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆದದ್ದು. ತಾಲೂಕಿನ ಹೆಸರು, ವರ್ಷ ಎರಡನ್ನೂ ಬೇಕೆಂದೇ ಬಿಟ್ಟಿದ್ದೇನೆ. ಕೋವಿಡ್ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯಲು ಶುರುವಾದ ಮೇಲಿನ ಒಂದು ಮಳೆಗಾಲ ಎಂದು ತಿಳಿದರೆ ಸಾಕು. ಜನರ ಗುರುತು ಸಿಗದಂತೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನುವುದನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ನಾನು ವಕೀಲ. ಕಾನೂನು ಅರಿವು ಶಿಬಿರದಲ್ಲಿ ಪರಿಚಯವಾಗಿದ್ದ ಆ ಶಾಲೆಯ ಮುಖ್ಯ ಶಿಕ್ಷಕಿ ಒಂದು ಸಂಜೆ ಫೋನ್ ಮಾಡಿದರು. ಊರಿನವರು ಮಕ್ಕಳಿಗೆ ಮನೆ ಹಾಲು ಕೊಡುತ್ತೇವೆ ಅನ್ನುತ್ತಿದ್ದಾರೆ, ತಗೊಳ್ಳಬಹುದಾ ಎಂಬುದು ಅವರ ಪ್ರಶ್ನೆ. ಪುಕ್ಕಟೆ ಹಾಲು, ಒಳ್ಳೆಯ ಮನಸ್ಸು. ಇದಕ್ಕೂ ಕಾನೂನು ಕೇಳಬೇಕಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಕೇಳಲೇಬೇಕಿತ್ತು. ಆಹಾರ ಸುರಕ್ಷತೆಯ ಕಾಯ್ದೆ ಕೊಡುವವರನ್ನು ಹೊರಗೆ ಬಿಟ್ಟು, ತಗೊಳ್ಳುವವರನ್ನು ಹಿಡಿಯುತ್ತದೆ.

ಊಟಕ್ಕೆ ಕಾಯ್ದೆ, ಹಾಲಿಗೆ ಆದೇಶ

ಮೊದಲು ಹಾಲು ಯಾವ ಕಾಗದದ ಮೇಲೆ ಶಾಲೆಗೆ ಬರುತ್ತದೆ ಎಂದು ನೋಡೋಣ. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ ಅದು ಅಕ್ಷರ ದಾಸೋಹ, ಜನರ ಬಾಯಲ್ಲಿ ಬಿಸಿಯೂಟ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆ ಊಟವನ್ನು ಮಕ್ಕಳ ಹಕ್ಕು ಎಂದು ಬರೆಯಿತು. ಅದರಲ್ಲಿ ಲೆಕ್ಕವೂ ಇದೆ. ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲೊರಿ, 20 ಗ್ರಾಂ. 2015ರಲ್ಲಿ ಇದಕ್ಕೆ ನಿಯಮಗಳು ಬಂದವು. ಊಟ ತಪ್ಪಿದರೆ ಮಕ್ಕಳಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು. ಧಾನ್ಯವೋ ಹಣವೋ ತಾತ್ಕಾಲಿಕವಾಗಿ ಮುಗಿದರೆ ಶಾಲೆಯಲ್ಲಿರುವ ಬೇರೆ ಹಣ ಬಳಸಿ ಊಟ ಮುಂದುವರಿಸುವ ಅಧಿಕಾರ ಮುಖ್ಯ ಶಿಕ್ಷಕರಿಗೇ ಇದೆ.

ಹಾಲು ಈ ಯಾವ ಸಾಲಿನಲ್ಲೂ ಇಲ್ಲ. ಕ್ಷೀರಭಾಗ್ಯ ರಾಜ್ಯ ಸರ್ಕಾರದ ಯೋಜನೆ. 2013ರ ಆಗಸ್ಟ್ 1ರಂದು ಶುರುವಾಯಿತು. ಮೊದಲು ವಾರಕ್ಕೆ ಮೂರು ದಿನ ಇತ್ತು, 2017ರಿಂದ ಐದು ದಿನವಾಯಿತು. ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ, ಅದರಿಂದ 150 ಮಿ.ಲೀ. ಬಿಸಿ ಹಾಲು, ಸ್ವಲ್ಪ ಸಕ್ಕರೆ. ಪುಡಿ ಕೊಡುವುದು ಕೆಎಂಎಫ್. ಯೋಜನೆ ದೊಡ್ಡದೇ, ಮಕ್ಕಳಿಗೆ ಒಳ್ಳೆಯದೂ ಆಗಿದೆ. ಆದರೆ ನಿಂತಿರುವುದು ಸರ್ಕಾರಿ ಆದೇಶ ಮತ್ತು ಸುತ್ತೋಲೆಗಳ ಮೇಲೆ. ಹಾಗಾಗಿ ಊಟ ನಿಂತರೆ ಭತ್ಯೆ ಕೇಳಬಹುದು, ಹಾಲು ನಿಂತರೆ ಅಂಥದ್ದೇನೂ ತಾನಾಗಿ ಬರುವುದಿಲ್ಲ. ಈ ವ್ಯತ್ಯಾಸ ಸಣ್ಣದೆನ್ನಬೇಡಿ. ಬ್ರಿಟನ್ 1946ರಲ್ಲಿ ಶಾಲಾ ಮಕ್ಕಳ ಹಾಲಿಗೆಂದೇ ಒಂದು ಕಾಯ್ದೆ ಮಾಡಿ, ಮಗುವಿಗೆ ಮೂರನೇ ಒಂದು ಪೈಂಟ್ ಹಾಲು ಪುಕ್ಕಟೆ ಕೊಟ್ಟಿತು. ಏಳು ವರ್ಷ ದಾಟಿದವರಿಗೆ ಅದನ್ನು ನಿಲ್ಲಿಸಲು 1971ರಲ್ಲಿ ಪಾರ್ಲಿಮೆಂಟಿನಲ್ಲಿ ಇನ್ನೊಂದು ಕಾಯ್ದೆಯೇ ಬೇಕಾಯಿತು, ದೊಡ್ಡ ಗಲಾಟೆಯೂ ಆಯಿತು. ನಮ್ಮಲ್ಲಿ ವಾರಕ್ಕೆ ಎಷ್ಟು ದಿನ ಹಾಲು ಅನ್ನುವುದನ್ನು ಒಂದು ಆದೇಶ ಬದಲಿಸಬಹುದು.

ಹಕ್ಕು ಎಲ್ಲಿಂದ ಬಂದರೂ ಸುರಕ್ಷತೆಯ ಕಾಯ್ದೆ ಮಾತ್ರ ಊಟಕ್ಕೂ ಹಾಲಿಗೂ ಒಂದೇ. ಅದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಈ ಪ್ರಕರಣದ ಗಂಟು ಇರುವುದೇ ಅದರಲ್ಲಿ.

ಜರಡಿಯಲ್ಲಿ ಉಳಿದದ್ದು

ಪುನರ್ವಸು ಮಳೆ ಹಿಡಿದಿತ್ತು. ಆ ಕಡೆಯ ಮಳೆಗಾಲ ಗೊತ್ತಿದ್ದವರಿಗೆ ಹೇಳುವುದೇ ಬೇಡ. ಡಬ್ಬಿಯಲ್ಲಿಟ್ಟ ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಅಡುಗೆ ಕೋಣೆಯ ಗೋಡೆ ಬೆವರುತ್ತದೆ. ಹಾಲಿನ ಪುಡಿಯಂತೂ ಥಂಡಿ ತಡೆಯುವುದೇ ಇಲ್ಲ. ಒಡೆದ ಪ್ಯಾಕೆಟ್ಟಿನ ಬಾಯಿಗೆ ದಾರ ಕಟ್ಟಿ ಮರದ ಹಲಗೆಯ ಮೇಲೆ ಇಡುತ್ತಿದ್ದರು. ಒಂದೆರಡು ದಿನದಲ್ಲಿ ಪುಡಿ ಗಂಟು ಕಟ್ಟುತ್ತಿತ್ತು. ಒಡೆಯದ ಪ್ಯಾಕೆಟ್ಟುಗಳಲ್ಲೂ ಕೆಲವಕ್ಕೆ ಇಲಿ ಹಲ್ಲು ತಾಗಿಸಿತ್ತು. ಕೆನೆಭರಿತ ಪುಡಿಯಲ್ಲಿ ಕಡಿಮೆ ಎಂದರೂ 26 ಶೇಕಡಾ ಕೊಬ್ಬು ಇರಬೇಕೆಂಬುದು ನಿಯಮ. ಅಷ್ಟು ಕೊಬ್ಬಿರುವ ಪುಡಿಗೆ ನೀರಿನಂಶ ಸೇರಿದರೆ ಕಮಟು ವಾಸನೆ ಹಿಡಿಯಲು ಹೆಚ್ಚು ಹೊತ್ತು ಬೇಡ.

ಅಡುಗೆಯಕ್ಕ ಏನು ಮಾಡುತ್ತಿದ್ದರೆಂದರೆ, ಪುಡಿಯನ್ನು ತೂಗಿ ಜರಡಿ ಹಿಡಿಯುತ್ತಿದ್ದರು. ಗಂಟು ಮೇಲುಳಿದರೆ ಗೊಬ್ಬರದ ಗುಂಡಿಗೆ. ಕೆಳಗೆ ಬಿದ್ದದ್ದು ಹಾಲಿಗೆ. ಮಕ್ಕಳ ಮೇಲಿನ ಕಾಳಜಿಯಿಂದ ಮಾಡಿದ್ದೇ. ಆದರೆ ದಾಸ್ತಾನು ವಹಿಯಲ್ಲಿ ತೂಗಿದ ಲೆಕ್ಕವೇ ಬರೆಯಲ್ಪಡುತ್ತಿತ್ತು. ಹಾಜರಿ ಗುಣಿಸು 18 ಗ್ರಾಂ. ಪುಸ್ತಕ ನೋಡಿದರೆ ಎಲ್ಲ ಸರಿ, ಲೋಟ ನೋಡಿದರೆ ನೀರು.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಅರವತ್ತು ಮಕ್ಕಳಿಗೆ 1,080 ಗ್ರಾಂ ಪುಡಿ, 9 ಲೀಟರ್ ಹಾಲು. ಅಂದರೆ ನೂರು ಮಿ.ಲೀ. ಹಾಲಿಗೆ 12 ಗ್ರಾಂ ಪುಡಿ. ಅಂಗಡಿಯಲ್ಲಿ ಸಿಗುವ ಟೋನ್ಡ್ ಹಾಲಿಗೆ ಕಾನೂನು ಕೇಳುವುದು 3 ಶೇಕಡಾ ಕೊಬ್ಬು, 8.5 ಶೇಕಡಾ ಇತರ ಘನಾಂಶ, ಒಟ್ಟು 11.5. ಸರಿಯಾಗಿ ಮಾಡಿದರೆ ಶಾಲೆಯ ಹಾಲು ಅದಕ್ಕೇನೂ ಕಡಿಮೆಯಿಲ್ಲ. ಪುಡಿ ನೀರು ಹಾಲು ಅಂತ ಮೂಗು ಮುರಿಯುವವರು ಈ ಲೆಕ್ಕ ನೋಡಬೇಕು. ಆದರೆ ಮೂರರಲ್ಲಿ ಒಂದು ಪಾಲು ಪುಡಿ ಜರಡಿಯಲ್ಲೇ ಉಳಿದರೆ 12 ಇದ್ದದ್ದು 8ಕ್ಕೆ ಇಳಿಯುತ್ತದೆ.

ಅಡುಗೆಯಕ್ಕ ಯಾಕೆ ಹೇಳಲಿಲ್ಲ? ಹಾಳಾದ ಪುಡಿಯ ದುಡ್ಡನ್ನು ತಮ್ಮ ಗೌರವಧನದಲ್ಲಿ ಹಿಡಿಯುತ್ತಾರೆ ಎಂಬ ಹೆದರಿಕೆ. ಹಾಗೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಿಡಿಯುವುದಿಲ್ಲ ಎಂದೂ ಯಾರೂ ಹೇಳಿರಲಿಲ್ಲ.

ಲ್ಯಾಕ್ಟೋಮೀಟರ್ ಸುಳ್ಳು ಹೇಳಿದ ದಿನ

ಒಬ್ಬ ಹುಡುಗ ಮನೆಯಲ್ಲಿ ಶಾಲೆ ಹಾಲು ತೆಳ್ಳಗೆ ಎಂದ. ಮಾತು ಡೈರಿ ಕಟ್ಟೆಗೆ ಬಂತು. ಡೈರಿ ಕಟ್ಟೆಗೆ ಬಂದ ಮಾತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಬರಲು ಒಂದು ದಿನ ಸಾಕು. ಸಭೆಯಲ್ಲಿ ಒಬ್ಬ ಯುವಕ ಮೊಬೈಲಿನಲ್ಲಿ ಹಳೆಯ ವಿಡಿಯೋ ತೋರಿಸಿದ. 2019ರಲ್ಲಿ ಉತ್ತರ ಪ್ರದೇಶದ ಸೋನ್‌ಭದ್ರ ಜಿಲ್ಲೆಯ ಒಂದು ಶಾಲೆಯಲ್ಲಿ ಒಂದು ಲೀಟರ್ ಹಾಲಿಗೆ ಒಂದು ಬಕೆಟ್ ನೀರು ಬೆರೆಸಿ 81 ಮಕ್ಕಳಿಗೆ ಹಂಚಿದ್ದರು. ಅದನ್ನು ನೋಡಿದ ಮೇಲೆ ಇಲ್ಲೂ ಪುಡಿ ಎಲ್ಲಿಗೋ ಮಾರಾಟವಾಗುತ್ತಿದೆ ಎಂದು ಅರ್ಧ ಊರು ತೀರ್ಮಾನ ಮಾಡಿಬಿಟ್ಟಿತು.

ಸಮಿತಿಯ ಅಧ್ಯಕ್ಷರು ಮರುದಿನ ಡೈರಿಯಿಂದ ಲ್ಯಾಕ್ಟೋಮೀಟರ್ ತರಿಸಿದರು. ಮಕ್ಕಳಿಗೆ ಹಂಚಿದ ಹಾಲನ್ನೇ ತಣ್ಣಗೆ ಮಾಡಿ ಅದ್ದಿದರು. ಒಳ್ಳೆ ಹಾಲಿನಲ್ಲಿ ಅದು 28, 30ರ ಆಸುಪಾಸು ನಿಲ್ಲಬೇಕು. ಇಲ್ಲಿ ಅಳತೆಯೇ ದಾಟಿ ಮೇಲೆ ತೇಲಿತು. ಎಮ್ಮೆ ಹಾಲಿಗಿಂತ ಗಟ್ಟಿ! ಕೆಲವರು ನಕ್ಕರು, ಕೆಲವರು ಸಮಾಧಾನವಾಗಿ ಮನೆಗೆ ಹೋಗಲು ಎದ್ದರು.

ಡೈರಿ ಕಾರ್ಯದರ್ಶಿ ಏಳಲಿಲ್ಲ. "ಮೇಡಂ, ಸಕ್ಕರೆ ಹಾಕಿದೀರಲ್ವಾ? ಸಕ್ಕರೆ ಹಾಕಿದ ನೀರಿಗೂ ಇದು ಹಾಲು ಅಂತ್ಲೇ ಹೇಳತ್ತೆ" ಎಂದರು. ಲ್ಯಾಕ್ಟೋಮೀಟರ್ ನೋಡುವುದು ಸಾಂದ್ರತೆಯನ್ನು ಮಾತ್ರ. ನೀರು ಬೆರೆಸಿದವರು ಸಕ್ಕರೆ ಸೇರಿಸಿ ಅದನ್ನು ಮುಚ್ಚುವುದು ಹಾಲಿನ ವ್ಯಾಪಾರದಲ್ಲಿ ಹಳೆಯ ಕಳ್ಳಾಟ. ಇನ್ನು ಬಿಸಿ ಹಾಲಿಗೆ ಅದ್ದಿದರೆ ಉಲ್ಟಾ, ಒಳ್ಳೆ ಹಾಲೂ ತೆಳ್ಳಗೆ ಕಾಣುತ್ತದೆ. ಮರುದಿನ ಸಕ್ಕರೆ ಹಾಕುವ ಮುಂಚೆ ಒಂದು ಲೋಟ ತೆಗೆದು, ಪೂರ್ತಿ ಆರಿಸಿ ನೋಡಿದರು. 20ರ ಹತ್ತಿರ ನಿಂತಿತು.

ಮುಖ್ಯ ಶಿಕ್ಷಕಿಯ ಮೊದಲ ದೊಡ್ಡ ತೀರ್ಮಾನ ಬಂದದ್ದು ಇಲ್ಲಿ. ಸಭೆಯಲ್ಲಿ ಎಲ್ಲರ ಕಣ್ಣು ಅಡುಗೆಯಕ್ಕನ ಮೇಲಿತ್ತು. ಮೇಡಂ ಅಲ್ಲಿ ಏನೂ ಕೇಳಲಿಲ್ಲ. ಸಂಜೆ ಅಡುಗೆ ಕೋಣೆಗೆ ಹೋಗಿ, ಬಾಗಿಲು ಮುಂದಕ್ಕೆ ಮಾಡಿ, "ದುಡ್ಡು ಹಿಡಿಯೋ ಮಾತೇ ಇಲ್ಲ ಅಕ್ಕ, ಆಗಿದ್ದು ಹೇಳಿ" ಎಂದರು. ಜರಡಿಯ ಕತೆ ಆಗ ಹೊರಬಂತು. ಗೊಬ್ಬರದ ಗುಂಡಿಯಲ್ಲಿ ಸಾಕ್ಷಿಯೂ ಇತ್ತು.

ಮರುದಿನ ಅವರು ಇಬ್ಬರು ಪೋಷಕರು, ಒಬ್ಬ ಶಿಕ್ಷಕರು, ಡೈರಿ ಕಾರ್ಯದರ್ಶಿ ಇವರ ಎದುರು ಎಲ್ಲ ಪ್ಯಾಕೆಟ್ ತೂಗಿಸಿ ಮಹಜರು ಬರೆದರು. ಚೆನ್ನಾಗಿದ್ದದ್ದು, ಗಂಟು ಕಟ್ಟಿದ್ದು, ಇಲಿ ಕಡಿದದ್ದು ಬೇರೆ ಬೇರೆ. ಚೆನ್ನಾಗಿದ್ದದ್ದು ಕೆಲವೇ ದಿನಕ್ಕೆ ಸಾಲುವಷ್ಟಿತ್ತು. ಉಳಿದದ್ದಕ್ಕೆ ಬೀಗ. ಬದಲಿ ಪುಡಿ ಕೇಳಿ ತಾಲೂಕು ಕಚೇರಿಗೆ ಪತ್ರ ಹೋಯಿತು. ಹಲವು ಶಾಲೆಗಳಲ್ಲಿ ಇಂಥ ಪುಡಿ ಸುಮ್ನೆ ಖರ್ಚಾಗಿ ಹೋಗುತ್ತದೆ, ಬರೆದಿಡುವ ತಾಪತ್ರಯವೇ ಬೇಡ ಎಂದು. ಬರೆದಿಟ್ಟರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ ಎಂಬ ಭಯ. ನನ್ನ ಅನುಭವದಲ್ಲಿ ಆಗುವುದು ಉಲ್ಟಾ. ಮಹಜರು ಇರುವ ನಷ್ಟ ನಷ್ಟವಾಗಿಯೇ ಉಳಿಯುತ್ತದೆ. ಮಹಜರು ಇಲ್ಲದ ನಷ್ಟ ಒಂದು ದಿನ ಕಳ್ಳತನದ ಆರೋಪವಾಗಿ ವಾಪಸ್ ಬರುತ್ತದೆ.

ಕೊಟ್ಟಿಗೆಯಿಂದ ಪಾತ್ರೆಗೆ

ಚೆನ್ನಾಗಿದ್ದ ಪುಡಿ ಮುಗಿಯಿತು. ಬದಲಿ ಬರಲಿಲ್ಲ. ದಾರಿಯಲ್ಲಿ ಒಂದು ಕಡೆ ಧರೆ ಕುಸಿದು ಲಾರಿ ಓಡಾಟ ನಿಂತಿತ್ತು. ಹಾಲು ನಿಂತ ಮೂರನೇ ದಿನ ಅಧ್ಯಕ್ಷರು ಒಂದು ಪಟ್ಟಿ ಹಿಡಿದು ಬಂದರು. ಊರಿನ ಮನೆಗಳು ಸರದಿಯ ಮೇಲೆ ದಿನಕ್ಕೆ ಇಷ್ಟು ಎಂದು ಹಾಲು ಕೊಡುವುದು, ಮಕ್ಕಳಿಗೆ ಪುಡಿಯ ಬದಲು ಕೊಟ್ಟಿಗೆಯ ತಾಜಾ ಹಾಲು. ಕೇಳಲು ಎಷ್ಟು ಚೆಂದ ಇದೆ ಅಲ್ವಾ? ಮೇಡಂ ನನಗೆ ಫೋನ್ ಮಾಡಿದ್ದು ಆ ಸಂಜೆ.

ಕಾಯ್ದೆ ಏನು ಹೇಳುತ್ತದೆ ಎಂದು ನಾನು ಅವರಿಗೆ ಓದಿ ಹೇಳಿದೆ. 18ನೇ ಕಲಂ ರೈತನನ್ನು, ಅವನ ಜಾನುವಾರುಗಳನ್ನು, ಕೃಷಿ ಕೆಲಸವನ್ನು ಈ ಕಾಯ್ದೆಯಿಂದ ಹೊರಗಿಟ್ಟಿದೆ. 3ನೇ ಕಲಂ ಪ್ರಕಾರ ಹೈನಿನಂಥ ಮೂಲ ಉತ್ಪನ್ನ ರೈತನಲ್ಲದ ಬೇರೊಬ್ಬರ ಕೈಯಲ್ಲಿದ್ದಾಗ 'ಪ್ರಾಥಮಿಕ ಆಹಾರ' ಆಗುತ್ತದೆ, ಅಲ್ಲಿಂದ ಕಾಯ್ದೆಯ ಹಿಡಿತ ಶುರು. ಅಂದರೆ ಚೊಂಬು ಕೊಟ್ಟಿಗೆಯ ಬಾಗಿಲಲ್ಲಿ ಇರುವ ತನಕ ಯಾರೂ ಏನೂ ಕೇಳುವುದಿಲ್ಲ. ಅದೇ ಹಾಲು ಶಾಲೆಯ ಪಾತ್ರೆಗೆ ಬಿದ್ದ ಕೂಡಲೇ ಹೊಣೆ ಶಾಲೆಯದು. ಪುಕ್ಕಟೆ ಕೊಡುತ್ತಿದ್ದೇವಲ್ಲ, ವ್ಯಾಪಾರ ಎಲ್ಲಿ ಬಂತು ಎಂದು ಅಧ್ಯಕ್ಷರು ಕೇಳಿದರು. ಅದಕ್ಕೂ ಅದೇ ಕಲಂನಲ್ಲಿ ಉತ್ತರ ಇದೆ. ಲಾಭಕ್ಕೇ ಆಗಲಿ, ಲಾಭವಿಲ್ಲದೆಯೇ ಆಗಲಿ, ಖಾಸಗಿಯೇ ಆಗಲಿ, ಸರ್ಕಾರಿಯೇ ಆಗಲಿ, ಆಹಾರ ತಯಾರಿಸಿ ಹಂಚುವ ಸಂಸ್ಥೆಯ ಕೆಲಸ 'ಆಹಾರ ವ್ಯವಹಾರ'. ಶಾಲೆಗಳಲ್ಲಿ ಊಟ ಕೊಡುವವರು ನೋಂದಣಿ ಅಥವಾ ಪರವಾನಗಿ ಹೊಂದಿರಬೇಕು ಎಂದು 2020ರಲ್ಲಿ ಪ್ರಕಟವಾದ ಶಾಲಾ ಮಕ್ಕಳ ಆಹಾರದ ನಿಯಮಾವಳಿ ಇನ್ನೂ ಬಿಡಿಸಿ ಹೇಳಿದೆ. ಅಸುರಕ್ಷಿತ ಆಹಾರಕ್ಕೆ ಶಿಕ್ಷೆ 59ನೇ ಕಲಂನಲ್ಲಿದೆ. ಅಲ್ಲಿ ದಂಡ ಮಾತ್ರವಲ್ಲ, ಜೈಲೂ ಇದೆ.

ಇನ್ನೊಂದು ಎಳೆ ಯಾರಿಗೂ ಹೊಳೆದಿರಲಿಲ್ಲ. ಆಗಿದ್ದ ನೋಂದಣಿ ನಿಯಮದ ಪ್ರಕಾರ, ಸಹಕಾರ ಸಂಘದ ಸದಸ್ಯನಾಗಿ ತನ್ನ ಪೂರ್ತಿ ಹಾಲನ್ನು ಸಂಘಕ್ಕೇ ಹಾಕುವ ರೈತನಿಗೆ ನೋಂದಣಿ ಬೇಡ. ಸಂಘದ ಹೊರಗೆ ದಿನಕ್ಕೆ 500 ಲೀಟರ್ ತನಕ ಹಾಲು ಸಂಗ್ರಹಿಸುವ ಸಣ್ಣ ವ್ಯವಹಾರಕ್ಕೆ ಬರೀ ನೋಂದಣಿ ಸಾಕು. ಪಟ್ಟಿ ಮಾಡಿ, ಸರದಿ ಹಚ್ಚಿ, ಒಬ್ಬರು ಕ್ಯಾನ್ ಹಿಡಿದು ಮನೆ ಮನೆ ಸುತ್ತಿದರೆ ಆ ಸುತ್ತುವವರು ಯಾರು? ಸಂಘವೂ ಅಲ್ಲ, ರೈತನೂ ಅಲ್ಲ. ಅಧ್ಯಕ್ಷರು ತಾವೇ ಸುತ್ತುತ್ತೇನೆ ಎಂದಿದ್ದರು. ಇದನ್ನು ಕೇಳಿದ ಮೇಲೆ ಅವರ ಉತ್ಸಾಹ ಸ್ವಲ್ಪ ತಗ್ಗಿತು.

ಆದರೂ ಮೇಡಂ ಅಲ್ಲಿಗೇ ಬೇಡ ಎಂದು ಹೇಳಲಿಲ್ಲ. ನೋಂದಣಿ ಮಾಡಿಸಬಹುದು, ಹಾಲನ್ನು ಕುದಿಸಬಹುದು, ಯಾರ ಮನೆ ಹಾಲು ಎಂದು ಬರೆದಿಡಬಹುದು. ಪ್ರತಿ ಮನೆಯ ಹಾಲು ಬೇರೆ ಬೇರೆ ಕ್ಯಾನಿನಲ್ಲಿ ಬಂದು, ಹೆಸರು ಬರೆದು, ಸ್ವಲ್ಪ ಹಾಲು ತೆಗೆದಿಟ್ಟರೆ ಏನಾದರೂ ಆದಾಗ ಮೂಲ ಹುಡುಕಬಹುದು. ಕಾನೂನಿನ ಕಣ್ಣಿನಲ್ಲಿ ಇದು ಸರಿಯಾದ ದಾರಿಯೇ. ನಾನೂ ಹೌದೆಂದೆ.

ಪಟ್ಟಿಯಲ್ಲಿ ಇಲ್ಲದ ಮನೆ

ಆ ದಾರಿ ಎಲ್ಲಿ ಮುಚ್ಚಿತು ಅಂದರೆ, ಪಟ್ಟಿಯಲ್ಲಿ. ಶಾಲೆಗೆ ಮಕ್ಕಳನ್ನು ಕಳಿಸುವ ಕಾಲೊನಿಯ ಮನೆಗಳು ಅದರಲ್ಲಿ ಇರಲಿಲ್ಲ. ಅಲ್ಲಿ ಒಬ್ಬ ತಾಯಿಗೆ ಒಂದು ಮಲೆನಾಡು ಗಿಡ್ಡ ಹಸು ಇತ್ತು. ಗಿಡ್ಡ ಹಸು ಕೊಡುವುದೇ ಕಡಿಮೆ, ದಿನಕ್ಕೆ ಒಂದೆರಡು ಲೀಟರ್. ಅದರಲ್ಲೇ ಅರ್ಧ ಲೀಟರ್ ಕೊಡುತ್ತೇನೆ ಎಂದು ಆಕೆ ಶಾಲೆಗೇ ಬಂದು ಹೇಳಿ ಹೋಗಿದ್ದರು. ಪಟ್ಟಿ ಬರೆದವರನ್ನು ಕೇಳಿದರೆ "ಅವರಿಗೆ ಇರೋದೇ ಒಂದು ಹಸು, ಪಾಪ, ಯಾಕೆ ತೊಂದ್ರೆ ಕೊಡೋದು ಅಂತ ಬಿಟ್ವಿ" ಎಂದರು. ಪಾಪ ಎನ್ನುವ ಮಾತಿನ ಹಿಂದೆ ಬೇರೆ ಏನಿದೆ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿಯನ್ನು ಅಲ್ಲಿ ಯಾರಿಗೂ ಓದಿ ಹೇಳುವ ಅಗತ್ಯ ಇರಲಿಲ್ಲ.

ಬೇರೆ ಬೇರೆ ಕ್ಯಾನಿನಲ್ಲಿ ಹೆಸರು ಬರೆದು ತಂದರೆ ಸುರಕ್ಷತೆಗೆ ಒಳ್ಳೆಯದು. ಆದರೆ ಹೆಸರು ಬರೆದ ಕ್ಯಾನ್ ಎಂದರೆ ಇವತ್ತಿನ ಹಾಲು ಯಾರ ಮನೆಯದು ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಕಾಲೊನಿಯ ಸರದಿಯ ದಿನ ಎಷ್ಟು ಮಕ್ಕಳಿಗೆ ಹೊಟ್ಟೆ ನೋವು ಬರುತ್ತದೆ ಎಂದು ಮೇಡಂ ಮೊದಲೇ ಊಹಿಸಿದರು. ಎಲ್ಲರ ಹಾಲನ್ನೂ ಒಂದೇ ಪಾತ್ರೆಗೆ ಸುರಿದರೆ ಆ ಸಮಸ್ಯೆ ಇಲ್ಲ, ಆದರೆ ಮೂಲ ಹುಡುಕುವ ದಾರಿ ಹೋಯಿತು. ಕಾನೂನಿನ ಎರಡು ಒಳ್ಳೆಯ ಬೇಡಿಕೆಗಳು ಒಂದಕ್ಕೊಂದು ಅಡ್ಡ ನಿಂತದ್ದನ್ನು ನಾನು ನೋಡಿದ್ದು ಅಪರೂಪ.

ಡೈರಿ ಕಾರ್ಯದರ್ಶಿ ಆಗ ಒಂದು ಮಾತು ಹೇಳಿದರು. ಡೈರಿಯಲ್ಲಿ ಅವರ ಹಾಲೂ ಇವರ ಹಾಲೂ ದಿನಾ ಒಂದೇ ಕ್ಯಾನಿಗೆ ಬೀಳುತ್ತದೆ, ಇಷ್ಟು ವರ್ಷದಲ್ಲಿ ಒಬ್ಬರೂ ತಕರಾರು ಎತ್ತಿಲ್ಲ. ಯಾಕೆಂದರೆ ಅದು ಪೇಟೆಯವರು ಕುಡಿಯುವ ಹಾಲು. ಯಾರೂ ಉತ್ತರ ಕೊಡಲಿಲ್ಲ.

ಮೇಡಂ ಪಟ್ಟಿಯನ್ನು ವಾಪಸ್ ಕೊಟ್ಟರು. ಎಲ್ಲರೂ ಇದ್ದರೆ ಮಾತ್ರ ಪಟ್ಟಿ, ಇಲ್ಲದಿದ್ದರೆ ಪಟ್ಟಿಯೇ ಬೇಡ ಎಂದರು. ಇದು ಎರಡನೇ ತಿರುವು.

ಮೂರನೆಯದು ತಾನಾಗಿ ಬಂತು. ಪಶು ವೈದ್ಯರು ಬೇರೆ ಕೆಲಸಕ್ಕೆ ಊರಿಗೆ ಬಂದಿದ್ದರು. ಪಟ್ಟಿ ನೋಡಿ, ಅದರಲ್ಲಿದ್ದ ಒಂದು ಮನೆಯ ಹಸುವಿಗೆ ಕೆಚ್ಚಲು ಬಾವಿಗೆ ಇಂಜೆಕ್ಷನ್ ನಡೆಯುತ್ತಿದೆ ಎಂದರು. ಮಳೆಗಾಲದಲ್ಲಿ ಕೊಟ್ಟಿಗೆ ಕೆಸರಾಗಿ ಈ ಬಾವು ಜಾಸ್ತಿ. ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ಔಷಧಿ ಹೇಳಿದಷ್ಟು ದಿನ ಬಿಡಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ಔಷಧಿಯ ಉಳಿಕೆ ಹೋಗುವುದಿಲ್ಲ. ಆ ಮನೆಯವರಿಗೆ ಮೋಸದ ಉದ್ದೇಶ ಏನೂ ಇರಲಿಲ್ಲ. ಅವರ ಮನೆಯ ಮಕ್ಕಳೂ ಅದನ್ನೇ ಕುಡಿಯುತ್ತಿದ್ದರು. ಕುದಿಸಿದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆ ಅಲ್ಲಿಗೆ ನಿಂತಿತು, ಪಟ್ಟಿಯ ಮಾತೂ ನಿಂತಿತು.

ಹಾಲಿನ ಬದಲು ಹಾಲಿನ ದುಡ್ಡು

ದಾರಿ ಸಿಕ್ಕಿದ್ದು ಡೈರಿಯ ಮೂಲಕವೇ. ಊರಿನವರು ಹಾಲನ್ನು ಎಂದಿನಂತೆ ಸಂಘಕ್ಕೆ ಹಾಕುವುದು. ಬಟವಾಡೆಯಲ್ಲಿ ಲೀಟರಿಗೆ ಇಷ್ಟು ಎಂದು ಒಪ್ಪಿದವರಿಂದ ಮುರಿದುಕೊಂಡು, ಆ ದುಡ್ಡಿನಲ್ಲಿ ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲು ತರಿಸುವುದು. ಹಾಲಿನ ಗಾಡಿ ಹೇಗೂ ಆ ದಾರಿಯಲ್ಲಿ ಬರುತ್ತದೆ. 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿ ತಣಿಸಿದ ಹಾಲು. ಪ್ಯಾಕೆಟ್ ಮೇಲೆ ದಿನಾಂಕ, 14 ಅಂಕಿಯ ಪರವಾನಗಿ ಸಂಖ್ಯೆ. ಏನಾದರೂ ಆದರೆ ಹಿಂದಕ್ಕೆ ಹುಡುಕಿಕೊಂಡು ಹೋಗಬಹುದು, ಹುಡುಕಿದರೂ ಯಾವ ಮನೆಯ ಬಾಗಿಲಿಗೂ ಹೋಗಿ ನಿಲ್ಲುವುದಿಲ್ಲ.

ಇದಕ್ಕೆ ನಾನು ಮೂರು ಕಾಗದ ಕೇಳಿದೆ. ದುಡ್ಡು ಮುರಿಯಲು ಪ್ರತಿ ಸದಸ್ಯರ ಸಹಿ ಇರುವ ಒಪ್ಪಿಗೆ, ಬರೀ ಸಭೆಯ ಠರಾವು ಸಾಲದು. ಶಾಲೆಯ ಕಡೆಯಿಂದ ಎಸ್‌ಡಿಎಂಸಿ ಠರಾವು. ತಾಲೂಕಿನ ಅಕ್ಷರ ದಾಸೋಹ ಅಧಿಕಾರಿಯ ಲಿಖಿತ ಅನುಮತಿ. ಊರಿನವರು ಮಕ್ಕಳಿಗೆ ಏನಾದರೂ ಕೊಡುವುದನ್ನು ಕೇಂದ್ರದ ಬಿಸಿಯೂಟ ಯೋಜನೆಯೇ 'ತಿಥಿ ಭೋಜನ' ಎಂಬ ಹೆಸರಿನಲ್ಲಿ ಒಪ್ಪುತ್ತದೆ. ಷರತ್ತು ಒಂದೇ. ಅದು ಸರ್ಕಾರ ಕೊಡುವುದರ ಜೊತೆಗೆ ಇರಬೇಕು, ಬದಲಿಗೆ ಅಲ್ಲ. ಅದಕ್ಕೇ ಅರ್ಜಿಯಲ್ಲಿ ಪ್ಯಾಕೆಟ್ ಹಾಲು ಪುಡಿ ಬರುವ ತನಕ ಮಾತ್ರ, ಬಾಕಿ ಪುಡಿಯ ಬೇಡಿಕೆ ಹಾಗೇ ಉಳಿದಿದೆ ಎಂದು ಬರೆಸಿದೆವು. ಹೀಗೆ ಬರೆಯದಿದ್ದರೆ ಊರಿನವರೇ ಕೊಡುತ್ತಾರಲ್ಲ ಎಂದು ಪುಡಿಯ ಬೇಡಿಕೆ ಅಲ್ಲೇ ಮಲಗುತ್ತದೆ. ಬಾಯಿ ಮಾತಿನ ಅನುಮತಿ ಬೇಗ ಸಿಕ್ಕಿತ್ತು. ಲಿಖಿತದ್ದು ಬರುವ ತನಕ ಮೇಡಂ ಕಾದರು. ಆ ದಿನಗಳಲ್ಲಿ ಅವರು ಕೇಳಿಸಿಕೊಂಡ ಮಾತು ಕಡಿಮೆಯಲ್ಲ.

ಕಾಲೊನಿಯ ತಾಯಿ ಸಂಘದ ಸದಸ್ಯೆಯಾಗಿರಲಿಲ್ಲ. ಅರ್ಜಿ ಹಾಕಿದರು, ಸಂಘ ತಗೊಂಡಿತು. ಅವರ ಅರ್ಧ ಲೀಟರ್ ಉಳಿದವರ ಹಾಲಿನ ಜೊತೆಗೇ ಕ್ಯಾನಿಗೆ ಬಿತ್ತು. ಒಪ್ಪಿಗೆ ಪತ್ರಕ್ಕೆ ಅವರದೂ ಸಹಿ.

ಅಡುಗೆ ಕೋಣೆಯಲ್ಲೂ ಕೆಲವು ಬದಲಾದವು. ರಬ್ಬರ್ ಪಟ್ಟಿ ಇರುವ ಬಿಗಿ ಮುಚ್ಚಳದ ಸ್ಟೀಲ್ ಡ್ರಮ್ಮು ಬಂತು. ಗ್ರಾಮ ಪಂಚಾಯ್ತಿಯವರು ಕೊಡಿಸಿದರು. ಹಳೆಯ ಪ್ಯಾಕೆಟ್ ಮೊದಲು, ಹೊಸದು ಆಮೇಲೆ. ದಾಸ್ತಾನು ವಹಿಯಲ್ಲಿ 'ಹಾಳಾದದ್ದು' ಎಂದು ಹೊಸ ಕಾಲಂ ಗೆರೆ ಎಳೆದರು. ಅಡುಗೆಯಕ್ಕನಿಗೆ ಸಮಾಧಾನವಾದದ್ದು ಡ್ರಮ್ಮಿಗಿಂತ ಜಾಸ್ತಿ ಆ ಗೆರೆಯಿಂದ. ಬಡಿಸುವ ಮುಂಚೆ ರುಚಿ ನೋಡುವ ನಿಯಮ ಹೇಗೂ ಇತ್ತು. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ಕೀಟನಾಶಕ ಸೇರಿದ ಬಿಸಿಯೂಟ ಉಂಡು 23 ಮಕ್ಕಳು ಸತ್ತ ಮೇಲೆ ಅದು ಬಿಗಿಯಾಗಿದೆ. ಈ ಶಾಲೆಯಲ್ಲಿ ಊಟಕ್ಕೆ ರುಚಿ ನೋಡಿ ಸಹಿ ಹಾಕುತ್ತಿದ್ದರು, ಹಾಲಿಗೆ ಹಾಕುತ್ತಿರಲಿಲ್ಲ. ಹಾಲಿಗೂ ಶುರುವಾಯಿತು. ರುಚಿ ನೋಡಿದ್ದರೆ ತೆಳ್ಳಗಿದೆ ಎಂದು ಮೊದಲ ವಾರವೇ ಗೊತ್ತಾಗುತ್ತಿತ್ತು.

ಇನ್ನೊಂದು ಕೆಲಸ ಯಾರೂ ಹೇಳದೆ ಆಯಿತು. ಡೈರಿ ಕಾರ್ಯದರ್ಶಿ ಏಳನೇ ತರಗತಿಯ ಮಕ್ಕಳಿಗೆ ಲ್ಯಾಕ್ಟೋಮೀಟರ್ ಕಲಿಸಿದರು. ಸಕ್ಕರೆ ಹಾಕಿ ಒಮ್ಮೆ, ಹಾಕದೆ ಒಮ್ಮೆ, ಬಿಸಿಯಲ್ಲಿ ಒಮ್ಮೆ. ಹಾಲಿನ ಕಲಬೆರಕೆ ಕುರಿತ 2016ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಾಲಾ ಮಕ್ಕಳಿಗೆ ಕಲಬೆರಕೆ ಕಂಡುಹಿಡಿಯುವ ಸುಲಭ ವಿಧಾನ ಕಲಿಸಿ ಎಂದಿದೆ. ಆ ಕಾರ್ಯದರ್ಶಿ ತೀರ್ಪು ಓದಿರಲಿಲ್ಲ.

ಕೊನೆಗೆ ಆದದ್ದು

ಬದಲಿ ಪುಡಿ ಬಂತು, ತಡವಾಗಿ. ದಸರಾ ರಜೆ ಹತ್ತಿರವಾಗಿತ್ತು. ಹಾಳಾದ ಪುಡಿಯನ್ನು ಮಹಜರಿನ ಆಧಾರದ ಮೇಲೆ ಲೆಕ್ಕದಿಂದ ತೆಗೆದರು, ಯಾರ ಗೌರವಧನವನ್ನೂ ಹಿಡಿಯಲಿಲ್ಲ. ನಡುವೆ ಪ್ಯಾಕೆಟ್ ಹಾಲು ನಡೆಯಿತು, ಎಲ್ಲ ದಿನವೂ ಅಲ್ಲ. ಧರೆ ಮತ್ತೆ ಜರಿದ ದಿನ ಹಾಲಿನ ಗಾಡಿಯೂ ಬರಲಿಲ್ಲ. ಅಂಥ ದಿನ ಮಕ್ಕಳಿಗೆ ಊಟ ಮಾತ್ರ. ಕೊಟ್ಟಿಗೆಗಳಲ್ಲಿ ಹಾಲು ಇತ್ತು, ಡೈರಿಗೂ ಸಾಗಿಸಲಾಗದೆ ಮನೆಗಳಲ್ಲಿ ಮೊಸರಾಗುತ್ತಿತ್ತು, ಶಾಲೆಯಲ್ಲಿ ಲೋಟ ಖಾಲಿ.

ಇದನ್ನೇ ಹಿಡಿದು ಕೆಲವು ಪೋಷಕರು ಇವತ್ತಿಗೂ ಜಗಳ ಆಡುತ್ತಾರೆ. ನಮ್ಮ ಹಾಲು ಬೆಟ್ಟ ಇಳಿದು ಪೇಟೆಗೆ ಹೋಗಿ ಪ್ಯಾಕೆಟ್ ಆಗಿ ವಾಪಸ್ ಬಂದರೆ ಮಾತ್ರ ನಮ್ಮ ಮಕ್ಕಳು ಕುಡಿಯಬಹುದಾ ಎಂದು. ಅವರ ಮಾತನ್ನು ತಳ್ಳಿಹಾಕಲು ನನಗೆ ಸಾಧ್ಯವಿಲ್ಲ. ಮನೆ ಹಾಲು ಕೊಡದೆ ಇದ್ದದ್ದರಿಂದ ಯಾರಿಗೋ ಕಾಯಿಲೆ ತಪ್ಪಿತು ಎಂದು ತೋರಿಸಲೂ ಆಗುವುದಿಲ್ಲ. ಯಾರಿಗೂ ಏನೂ ಆಗಲಿಲ್ಲ ಎನ್ನುವುದಷ್ಟೇ ಇರುವ ಸಂಗತಿ. ನಾನು ಮೇಡಂ ಪರ ನಿಲ್ಲುವುದು ಬೇರೆ ಕಾರಣಕ್ಕೆ. ಏನಾದರೂ ಆಗಿದ್ದರೆ ಹಾಲು ಕೊಟ್ಟವರು, ಪಟ್ಟಿ ಬರೆದವರು, ಕ್ಯಾನ್ ಹೊತ್ತವರು ಎಲ್ಲರೂ ಪಕ್ಕಕ್ಕೆ ಸರಿಯಬಹುದಿತ್ತು. ಸರಿಯಲು ಜಾಗ ಇಲ್ಲದಿದ್ದವರು ಇಬ್ಬರೇ, ಮೇಡಂ ಮತ್ತು ಅಡುಗೆಯಕ್ಕ. ಹೊಣೆ ಯಾರ ಮೇಲಿದೆಯೋ ತೀರ್ಮಾನವೂ ಅವರದೇ ಆಗಿರಬೇಕು. ಶಾಲೆಯ ಹಾಲಿನ ವಿಷಯದಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಊರಿನ ಒತ್ತಡ ತೀರ್ಮಾನ ಮಾಡುತ್ತದೆ, ಸಹಿ ಮಾತ್ರ ಮುಖ್ಯ ಶಿಕ್ಷಕರದು.

ಮುಂದಿನ ಮೇ ತಿಂಗಳಲ್ಲಿ ಎಸ್‌ಡಿಎಂಸಿ ಮತ್ತೆ ಕೂತಿತು. ಈ ಸಲ ಪ್ರಶ್ನೆ ದಾಸ್ತಾನಿನದು. ಮಳೆಗೆ ಮುಂಚೆ ಜಾಸ್ತಿ ತರಿಸಿಟ್ಟರೆ ಥಂಡಿ ಹಿಡಿಯುತ್ತದೆ, ಕಡಿಮೆ ತರಿಸಿದರೆ ರಸ್ತೆ ಮುಚ್ಚುತ್ತದೆ. ಡ್ರಮ್ಮಿನಲ್ಲಿ ಹಿಡಿಸುವಷ್ಟು ಮಾತ್ರ ತರಿಸುವುದು, ಹೆಚ್ಚುವರಿ ಪ್ಯಾಕೆಟ್ ಅಡುಗೆ ಕೋಣೆಯಲ್ಲಿ ಇಡದೆ ಆಫೀಸ್ ಕೋಣೆಯ ಬೀರುವಿನಲ್ಲಿಡುವುದು ಎಂದಾಯಿತು. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಹಾಲಿಗೆ ರಾಗಿ ಮಾಲ್ಟ್ ಸೇರಿಸುವುದು ಬಂದ ಮೇಲೆ ಅದೇ ಬೀರುವಿಗೆ ಮಾಲ್ಟಿನ ಪ್ಯಾಕೆಟ್ಟೂ ಸೇರಿದೆ, ಜಾಗ ಸಾಲುತ್ತಿಲ್ಲ. ರಸ್ತೆ ಮುಚ್ಚಿದ ದಿನ ಊಟ ಮಾತ್ರ, ಹಸಿ ಹಾಲು ತಗೊಳ್ಳುವುದಿಲ್ಲ ಎಂದು ಮೇ ತಿಂಗಳ ಠರಾವಿನಲ್ಲೇ ಬರೆದರು. ಸಹಿ ಹಾಕುವ ಮುಂಚೆ ಅಧ್ಯಕ್ಷರು ಆ ಸಾಲು ತೆಗೆಸಲು ನೋಡಿದರು. ಹಾಗಾದರೆ ನನ್ನ ಸಹಿ ಇಲ್ಲ ಎಂದರು ಮೇಡಂ. ಸಾಲು ಉಳಿಯಿತು.